ಸಣ್ಣಮ್ಮನ ಮಂಕರಿ

ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನಮ್ಮ ಚಿಕ್ಕವ್ವ ಸೋಮಮ್ಮನ ಮಗ ಮಂಟೇಸ್ವಾಮಿಗೆ ಆದದ್ದು. ಮಾರನೇ ಬೆಳಿಗ್ಗೆ ಅವನ ಕೈಗೆ ನೀರು ಹುಯ್ದೋನು ನಾನು. ಆ ಬಾಗಿಲು ಒಸಿ ಎಳ್ಕೊಳ್ಳಿ... ಹಾಂ, ಸಾಕು.

ಮಂಟೇಸ್ವಾಮಿ ಬದನಗುಪ್ಪೆ ಕಡೆ ಒಂದು ಫ್ಯಾಕ್ಟರೀಲಿ ಸೆಕ್ಯುರಿಟಿ. ಶಿಫ್ಟ್ ಮುಗಿಸ್ಕೊಂಡು ಗುಂಡ್ಲುಪೇಟೆಗೆ ಹೋಗೋ ಕೊನೇ ಬಸ್ಸು ಹತ್ತಿ, ತೆರಕಣಾಂಬಿ ದಾಟಿ, ನಮ್ಮೂರ ಗೇಟಲ್ಲಿ ಇಳೀತಾನೆ. ಗೇಟಿಂದ ಊರಿಗೆ ಮಣ್ಣು ದಾರಿ. ದಾರಿ ಮಧ್ಯ ಊರ ಜಮೀನ್ದಾರರು, ದೊಡ್ಡಮನೆಯವರ ಹಳೇ ಬಾವಿ. ಬೋರ್‌ವೆಲ್ ಬಂದ ಮೇಲೆ ಅದನ್ನ ಕೇಳೋರಿಲ್ಲ. ಲಾಂಟಾನ ಬೆಳ್ಕೊಂಡು ಬಾವಿ ಬಾಯಿ ಮುಚ್ಚೋಗಿದೆ. ತಳದಲ್ಲಿ ಕಲ್ಲು, ಹಾವು, ಅಷ್ಟೇ.

ಆವತ್ತು ಬೆಳದಿಂಗಳಿರಲಿಲ್ಲ. ಮೊಬೈಲ್ ಟಾರ್ಚ್ ಹಾಕ್ಕೊಂಡು ಬರ್ತಿದ್ದ. ಬಾವಿ ಹತ್ರ ಬರ್ತಿದ್ದಂಗೆ ಕೇಳಿಸ್ತು.

ದಪ್... ಸರ್ರ್... ದಪ್... ಸರ್ರ್...

ದಪ್ ಅಂದ್ರೆ ಗುದ್ದಲಿ ಹಸಿ ಮಣ್ಣಿಗೆ ಬೀಳೋ ಸದ್ದು. ಸರ್ರ್ ಅಂದ್ರೆ ಆ ಮಣ್ಣನ್ನ ಮಂಕರಿಗೆ, ಅದೇ ಬಿದಿರು ಬುಟ್ಟಿಗೆ, ಎಳ್ಕೊಳ್ಳೋ ಸದ್ದು. ಕೂಲಿ ಮಾಡಿ ಬೆಳೆದೋರಿಗೆ ಇದನ್ನ ಯಾರೂ ಹೇಳ್ಕೊಡಬೇಕಾಗಿಲ್ಲ.

ತಡೀರಿ. ಮುಂದಿಂದು ಹೇಳೋಕೆ ಮುಂಚೆ ಅಮೇರಿಕಾದ ವಿಷಯ ಹೇಳಬೇಕು. ಶುರುವಾಗಿದ್ದು ಅಲ್ಲೇ ಅಂತ ಅವನೇ ಅಂದ.

ಮಂಟೇಸ್ವಾಮಿ ದೇವರ ಕತೆ ಹಾಡೋ ನೀಲಗಾರ. ತಂಬೂರಿ ಹಿಡಿದು ಕೂತ ಅಂದ್ರೆ ಬೆಳಕು ಹರಿಯೋ ತನಕ ಕತೆ ಹಾಡ್ತಾನೆ. ಹೋದ ವರ್ಷ ಅಮೇರಿಕಾದಲ್ಲಿ ಒಂದು ಜಾನಪದ ಉತ್ಸವಕ್ಕೆ ಇವನ ಮೇಳಕ್ಕೆ ಕರೆ ಬಂತು. ಮೈಸೂರಿನ ಕಾಲೇಜಲ್ಲಿ ಪಾಠ ಮಾಡೋ ಸ್ವರ್ಣಲತಾ ಮೇಡಂ ಕರ್ಕೊಂಡು ಹೋದ್ರು. ಊರ ಹೆಸರು ಚಾರ್ಲ್ಸ್‌ಟನ್. ಹಳೇ ಬಂದರು. ಮೂರು ಕಡೆ ನೀರು, ನಡುವೆ ಊರು.

ಹಾಡು ಮುಗಿದ ಮಾರನೇ ದಿನ ಊರು ತೋರಿಸೋಕೆ ಒಬ್ಬರು ವಯಸ್ಸಾದ ಹೆಂಗಸು ಬಂದ್ರು. ರೂತ್ ಅಂತ ಹೆಸರು. ಅವರ ಇಂಗ್ಲಿಷನ್ನ ಮೇಡಂ ಇವನಿಗೆ ಕನ್ನಡದಲ್ಲಿ ಹೇಳ್ತಿದ್ರು. ಕರಿಯ ಜನ. ಅವರ ಹಿರೀಕರನ್ನ ಆಫ್ರಿಕಾದಿಂದ ಹಡಗಲ್ಲಿ ತುಂಬ್ಕೊಂಡು ಬಂದು ಅದೇ ಬಂದರಲ್ಲಿ ಇಳಿಸಿದ್ರಂತೆ.

ಬೀದಿಗೆ ಹಾಸಿರೋ ಗುಂಡುಕಲ್ಲು ತೋರಿಸಿದ್ರು. ಖಾಲಿ ಹಡಗು ಅಲೆಗೆ ಮಗುಚದೆ ಇರಲಿ ಅಂತ ತಳಕ್ಕೆ ತುಂಬ್ತಿದ್ದ ಕಲ್ಲಂತೆ ಅವು. ಹಳೇ ಮನೆ ಜಗಲಿ ಸೂರಿನ ಒಳಮೈಗೆ ತಿಳಿನೀಲಿ ಬಣ್ಣ... ದೆವ್ವ ಒಳಗೆ ಬರಬಾರದು ಅಂತ ಬಳೀತಾರಂತೆ. ಇವನು ನಕ್ಕು, ನಮ್ಮಲ್ಲಿ ಎಕ್ಕದ ಬೇರು ಕಟ್ತೀವಿ ಅಂದ. ಅವರೂ ನಕ್ಕರು. ಸಂತೆ ಬೀದೀಲಿ ಹೆಂಗಸರು ಹುಲ್ಲಲ್ಲಿ ಬುಟ್ಟಿ ಹೆಣೀತಾ ಕೂತಿದ್ರಂತೆ. ಬತ್ತ ಕೇರೋಕೆ ಅವರಜ್ಜಿಯರು ಹೆಣೀತಿದ್ದ ಮೊರ, ಅದೇ ಹೆಣಿಗೆ. ಇವನು ಒಂದನ್ನ ತಗೊಂಡು ಸುಮ್ನೆ ಕೇರಿ ತೋರಿಸಿದ. ಎಲ್ರೂ ಚಪ್ಪಾಳೆ.

ಆಮೇಲೆ ಒಂದು ಇಟ್ಟಿಗೆ ಗೋಡೆ ಹತ್ರ ನಿಲ್ಲಿಸಿದ್ರು.

ಇಟ್ಟಿಗೆಯಲ್ಲಿ ಬೆರಳ ಗುರುತು. ಸಣ್ಣ ಸಣ್ಣ ಬೆರಳು. ಜೀತಕ್ಕಿದ್ದ ಮಕ್ಕಳು ಹಸಿ ಇಟ್ಟಿಗೆ ಮಗುಚುವಾಗ ಬಿದ್ದದ್ದು. ರೂತ್ ತಮ್ಮ ಬೆರಳನ್ನ ಆ ಕುಳೀಗೆ ಇಟ್ಟು, ತಮ್ಮ ಮುತ್ತಜ್ಜಿ ಹೆಸರು ಹೇಳಿದ್ರು. ಅವಳನ್ನ ಮಾರಿದ್ರು ಅಂದ್ರು. ಯಾವ ಅಂಜಿಕೆ ಇಲ್ಲದೆ, ನಾಚಿಕೆ ಇಲ್ಲದೆ. ಆಮೇಲೆ ಇವನ ಕಡೆ ತಿರುಗಿ ಕೇಳಿದ್ರು... "ನಿಮ್ಮ ಕಡೆಯೂ ಹೀಗಿತ್ತಾ? ನಿಮ್ಮಜ್ಜಿ ಏನು ಮಾಡ್ತಿದ್ರು?"

ಸುತ್ತ ಅಲ್ಲಿ ನೆಲೆಸಿರೋ ನಮ್ಮ ಕನ್ನಡದ ಜನ ನಿಂತಿದ್ರು. ರೇಷ್ಮೆ ಸೀರೆ, ಬಿಳಿ ಜುಬ್ಬ. ನಮ್ಮ ಸಂಸ್ಕೃತಿ ನಮ್ಮ ಸಂಸ್ಕೃತಿ ಅಂತ ಬೆಳಗಿಂದ ಇವನ ಬೆನ್ನು ತಟ್ಟಿದೋರು. ಇವನು ಅವರ ಮುಖ ನೋಡಿದ. ಅಂದುಬಿಟ್ಟ.

"ನಮ್ಮಲ್ಲಿ ಅಂಥದ್ದೇನಿರಲಿಲ್ಲ. ನಮ್ಮಜ್ಜಿ ಜಮೀನಿದ್ದೋರು. ನಮ್ಮ ಮನೇಲೇ ಆಳುಗಳಿದ್ರು."

ಸ್ವರ್ಣಲತಾ ಮೇಡಂ ಒಂದು ಗಳಿಗೆ ಇವನನ್ನೇ ನೋಡಿದ್ರಂತೆ. ಆಮೇಲೆ ಹಂಗೇ ಇಂಗ್ಲಿಷಲ್ಲಿ ಹೇಳಿದ್ರು. ರೂತ್ ಗೋಡೆಯಿಂದ ಬೆರಳು ತೆಗೆದು, ಇವನ ಕೈ ಹಿಡ್ಕೊಂಡು, "ಸಂತೋಷ ಕಣಪ್ಪ. ನಿಮ್ಮಜ್ಜಿ ಪುಣ್ಯವಂತರು" ಅನ್ನೋ ಹಂಗೆ ಏನೋ ಅಂದ್ರು. ಆ ಕೈ ಬಿಸಿಯಾಗಿತ್ತು ಅಣ್ಣ, ಅಂದ ನಂಗೆ. ಕಿತ್ಕೊಂಡು ಓಡಿಬಿಡನ ಅನ್ನಿಸ್ತು ಅಂದ.

ನಮ್ಮಜ್ಜಿ ಯಾರು ಗೊತ್ತಾ? ಸಣ್ಣಮ್ಮ. ನಮ್ಮಿಬ್ಬರ ಅವ್ವಂದಿರನ್ನ ಹೆತ್ತೋಳು. ಮೈ ನೆರೆಯೋಕೆ ಮುಂಚೇನೇ ದೊಡ್ಡಮನೆ ಜೀತಕ್ಕೆ ಸೇರಿದೋಳು. ಆ ಬಾವಿ ತೋಡುವಾಗ ಮಣ್ಣು ಹೊತ್ತೋಳು. ನೀರು ಬಂದ ದಿನ ಪೂಜೆ ಆಯ್ತು, ಮಣ್ಣು ಹೊತ್ತ ನಮ್ಮ ಕೇರಿಯೋರನ್ನ ಬೇಲಿ ಆಚೆ ನಿಲ್ಲಿಸಿದ್ರು. ಅಲ್ಲಿಂದ ಸಾಯೋ ತನಕ ಆ ಬಾವಿಗೆ ಅವಳು ಬಿಂದಿಗೆ ಇಳಿಸೋ ಹಂಗಿರಲಿಲ್ಲ. ಯಾರಾದ್ರೂ ಮೇಲಿಂದ ಬೊಗಸೆಗೆ ಹುಯ್ದರೆ ಕುಡಿಯೋದು. ಮಂಟೇಸ್ವಾಮಿಗೆ ಮೊದಲ ಹಾಡು ಬಾಯಿಗೆ ಹಾಕಿದೋಳೂ ಅವಳೇ.

ಊರಿಗೆ ಬಂದೋನು ಎಲ್ಲರಿಗೂ ಫೋಟೋ ತೋರಿಸಿದ. ಹಡಗು, ಚರ್ಚು, ನೀಲಿ ಜಗಲಿ. ಆ ಗೋಡೆ ಫೋಟೋ ಬಂದಾಗ ಮಾತ್ರ ಬೆರಳಲ್ಲಿ ಸರ್ರಂತ ಮುಂದಕ್ಕೆ ತಳ್ಳಿಬಿಡೋನು. ನಾನು ನೋಡಿದೀನಿ.

ಈಗ ಬಾವಿಗೆ ಬನ್ನಿ.

ದಪ್... ಸರ್ರ್... ಸದ್ದು ನಿಂತೋಯ್ತು. ಟಾರ್ಚ್ ಬೆಳಕು ಆ ಕಡೆ ಬಿಟ್ಟ. ದಾರಿ ಪಕ್ಕದಲ್ಲಿ ಒಬ್ಬಳು ಹೆಂಗಸು, ಬೆನ್ನು ಮಾಡ್ಕೊಂಡು ನಿಂತವಳೆ. ತಲೆ ಮೇಲೆ ಹೊರೆ ಇಡೋ ಬಟ್ಟೆ ಸಿಂಬಿ. ಕಾಲ ಹತ್ರ ಮಣ್ಣು ತುಂಬಿದ ಮಂಕರಿ. ಯಾರೋ ತೋಟದ ಆಳು ಅಂದ್ಕೊಂಡ.

"ಯಾರವ್ವ ಅದು... ಈ ಹೊತ್ನಲ್ಲಿ?"

ತಿರುಗಲಿಲ್ಲ. ಗಂಟಲಲ್ಲಿ ಉಸಿರು ಸಿಕ್ಕಿದಂಗೆ, ಪಿಸಪಿಸ ಅಂದ್ಲು.

"ಒಸಿ ಎತ್ಬುಡಪ್ಪ... ತಲೆ ಮ್ಯಾಕೆ."

ಹೊರೆ ಎತ್ತಿಕೊಡಿ ಅಂದ್ರೆ ನಮ್ಮ ಕಡೆ ಯಾರಾದ್ರೂ ಇಲ್ಲ ಅಂತಾರಾ? ಮೊಬೈಲ್ ಜೇಬಿಗಿಟ್ಟು ಬಗ್ಗಿದ. ಎರಡು ಕೈಲೂ ಮಂಕರಿ ಅಂಚು ಹಿಡಿದು ಎತ್ತಿದ. ಭಾರ ಅಂದ್ರೆ ಭಾರ... ಮಣ್ಣಿಂದ ನೀರು ಒಸರಿ ಮೊಳಕೈ ತನಕ ಇಳೀತು. ತಣ್ಣಗೆ. ಎತ್ತಿ ಸಿಂಬಿ ಮೇಲೆ ಇಟ್ಟ. ಅವಳ ಕುತ್ತಿಗೆ ಮೂಳೆ ಟಕ್ ಅಂದಿದ್ದು ಕೇಳಿಸ್ತು.

"ಯಾರ ಮಗನಪ್ಪ ನೀನು?"

"ಸೋಮಮ್ಮನ ಮಗ."

"ಯಾವ ಸೋಮಮ್ಮ?"

"ಸಣ್ಣಮ್ಮನ ಮಗಳು ಸೋಮಮ್ಮ ಕಣವ್ವ."

ಗಾಳಿ ಇಲ್ಲ. ಜೀರುಂಡೆ ಸದ್ದೂ ಇಲ್ಲ. ಆಮೇಲೆ ಅಂದ್ಲಂತೆ...

"ಅಲ್ಲ ಬುಡು. ಸಣ್ಣಮ್ಮನ ಮೊಮ್ಮಗ ಇಂಗೆಲ್ಲ ಮಣ್ಣು ಮುಟ್ಟಕಿಲ್ಲ. ಅವ್ರು ಜಮೀನೋರಂತೆ. ಮನೇಲಿ ಆಳವ್ರಂತೆ."

ಕೋಪ ಇರಲಿಲ್ಲ ಅಣ್ಣ, ಅಂದ ಇವನು. ಅಣಕಿಸಲೂ ಇಲ್ಲ. ಬೇರೆ ಯಾರೋ ಊರೋರ ಸುದ್ದಿ ಹೇಳ್ದಂಗೆ ಅಂದ್ಲು. ಬೈದಿದ್ರೆ ಕಾಲಿಗಾದ್ರೂ ಬೀಳಬಹುದಿತ್ತು. ಅಜ್ಜಿ ಅಂತ ಇವನಿಗೆ ಆಗ ಗುರುತು ಸಿಕ್ತು. ಅವಳು ಹೊರೆ ಹೊತ್ಕೊಂಡು ಬೇಲಿ ಆಚೆಗೆ ಹೋದ್ಲು. ಹೆಜ್ಜೆ ಸದ್ದು... ಪಚ್, ಪಚ್, ಪಚ್... ಕೆಸರಲ್ಲಿ ನಡೆದಂಗೆ. ಬೇಸಿಗೆ ಅದು. ನೆಲ ಬಿರುಕು ಬಿಟ್ಟಿತ್ತು.

ಬೆಳಿಗ್ಗೆ ಚಿಕ್ಕವ್ವ ನನ್ನ ಕರೆಸಿದಳು. ಜಗಲಿ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಮೊಳಕೈ ತನಕ ಹಸಿ ಕರಿಮಣ್ಣು.

"ತೊಳ್ಕಳ್ಲಾ" ಅಂದೆ.

"ನಾಚ್ಕೆ ಆಯ್ತದೆ ಅಣ್ಣ."

"ಮಣ್ಣಿಗ್ಯಾಕ್ಲಾ ನಾಚ್ಕೆ?"

"ಮಣ್ಣಿಗಲ್ಲ... ನಾನು ಅಜ್ಜೀನ ಇಲ್ಲ ಅಂದ್ಬುಟ್ಟೆ."

ಅಂದು ಎಲ್ಲಾ ಹೇಳಿದ. ನಾನು ಚೊಂಬಿಂದ ನೀರು ಹುಯ್ದೆ, ಅವನು ಉಜ್ಜಿದ. ಹಗಲಲ್ಲಿ ಇಬ್ಬರೂ ಹೋಗಿ ಲಾಂಟಾನ ಸರಿಸಿ ಬಾವಿ ಇಣುಕಿ ನೋಡಿದ್ವಿ. ಒಣಕಲು ಕಲ್ಲು. ಗುದ್ದಲಿ ಬಿದ್ದ ಗುರುತು ಎಲ್ಲೂ ಇಲ್ಲ.

ಅಲ್ಲಿಂದ ತಂಬೂರಿ ಮುಟ್ಟಲಿಲ್ಲ. ಯಾರು ಕರೆದ್ರೂ ಗಂಟಲು ಸರಿ ಇಲ್ಲ ಅನ್ನೋನು. ಊಟಕ್ಕೆ ಕೂತರೂ ಗೋಡೆ ಕಡೆ ಮುಖ. ಕೊನೆಗೆ ಒಂದಿನ ಅವನೇ ಸ್ವರ್ಣಲತಾ ಮೇಡಂಗೆ ಫೋನ್ ಮಾಡಿ, "ಆ ಅಮ್ಮನ ಜೊತೆ ಮಾತಾಡಿಸಿ" ಅಂದ. ವಿಡಿಯೋ ಕಾಲ್‌ನಲ್ಲಿ ರೂತ್ ಬಂದ್ರು. ನಾನು ಪಕ್ಕದಲ್ಲೇ ಇದ್ದೆ. ಇವನು ತಲೆ ಎತ್ತದೇ ಹೇಳಿದ. ಸುಳ್ಳು ಹೇಳ್ದೆ, ನಮ್ಮಜ್ಜಿನೂ ಜೀತದಲ್ಲಿದ್ಲು ಅಂದ. ಆಯಮ್ಮ ಸಮಾಧಾನ ಮಾಡ್ತಾರೆ ಅಂದ್ಕೊಂಡೆ. ಮಾಡಲಿಲ್ಲ. ಅಜ್ಜಿ ಹೆಸರು ಕೇಳಿದ್ರು ಅಷ್ಟೇ. ಇವನು ಹೇಳಿದ. "ಸಾನಮ್ಮ" ಅಂದ್ರು. ಇವನು ತಿದ್ದಿದ. ಸರಿಯಾಗೋ ತನಕ ಅಂತಾನೇ ಇದ್ರು.

ಅದೇ ತಿಂಗಳು ನಮ್ಮ ಕೇರಿ ಪುಟ್ಟಮಾದು ಅವರಪ್ಪನ ತಿಥಿ. ರಾತ್ರಿ ಕತೆ ಇಡಿಸಿದ್ರು. ಮಂಟೇಸ್ವಾಮಿ ತಂಬೂರಿ ತಗೊಂಡು ಬಂದ. ದೊಡ್ಡಮನೆ ನಾಗೇಂದ್ರನೂ ಬಂದು ಕುರ್ಚಿ ಮೇಲೆ ಕೂತಿದ್ದ. ಪದ ಎತ್ತೋಕೆ ಮುಂಚೆ ಇವನು ಜನದ ಕಡೆ ತಿರುಗಿ ಅಂದ.

"ನಾನು ಸಣ್ಣಮ್ಮನ ಮೊಮ್ಮಗ. ನಮ್ಮಜ್ಜಿ ಜೀತದಾಳು. ಆ ಬಾವಿ ಮಣ್ಣು ಹೊತ್ತೋಳು. ಅದರ ನೀರು ಅವಳಿಗೆ ಕೊಡಲಿಲ್ಲ. ದೂರದ ಊರಲ್ಲಿ ನಾಕು ಜನರ ಮುಂದೆ ನಾನು ಇದನ್ನ ಇಲ್ಲ ಅಂದೆ. ಆ ಪಾಪ ನಂದು."

ನಾಗೇಂದ್ರ ಎದ್ದು ಹೋಗಲಿಲ್ಲ. ತಲೆನೂ ಎತ್ತಲಿಲ್ಲ. ಆಮೇಲೆ ಇವನು ಹಾಡಿದ. ಬೆಳಕು ಹರಿಯೋ ತನಕ ಹಾಡಿದ. ಮುಗಿದ ಮೇಲೆ "ಅಗುರ ಆಯ್ತಾ?" ಅಂತ ಕೇಳಿದೆ. "ಇಲ್ಲ ಕಣಣ್ಣ. ಹಂಗೇ ಅದೆ" ಅಂದ.

ಎಲ್ಲ ಎದ್ದು ಹೋದ್ರು. ಚಾಪೆ ಮಡಿಸೋಕೆ ನಾನು ನಿಂತೆ. ತಂಬೂರಿ ಎದುರಿಗೆ, ಎಲ್ಲರಿಗಿಂತ ಮುಂದೆ, ಒಂದು ಚಾಪೆ ಹಾಸಿದ್ವಿ. ಗಂಡಸರೆಲ್ಲ ಕಂಬದ ಹತ್ರ ಕೂತಿದ್ರು, ಹೆಂಗಸರು ಬಾಗಿಲಲ್ಲಿ. ಅದರ ಮೇಲೆ ರಾತ್ರಿಯೆಲ್ಲ ಯಾರೂ ಕೂತಿರಲಿಲ್ಲ. ಎದುರಿಗೇ ಇದ್ದೆ ನಾನು, ಕಣ್ಣು ಮುಚ್ಚಿಲ್ಲ. ನೀವು ನಂಬಿ, ಬಿಡಿ... ಆ ಚಾಪೆ ಮಧ್ಯದಲ್ಲಿ, ಒಬ್ಬರು ಚಕ್ಕಳಮಕ್ಕಳ ಹಾಕಿ ಕೂರೋವಷ್ಟು ಜಾಗ, ಹಸಿ ಕರಿಮಣ್ಣು ಮೆತ್ಕೊಂಡು ಒದ್ದೆಯಾಗಿತ್ತು. ಕೈಯಿಟ್ಟು ನೋಡ್ದೆ. ಬೆಚ್ಚಗಿತ್ತು.