ಕೆಂಡಕ್ಕನ ಬಟ್ಟೆಯಲ್ಲಿ ಸುಕ್ಕಿರಲಿಲ್ಲ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಗರಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯ ಅತಿಥಿಗಳೇ, ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿ ಕುಳಿತಿರುವ ಸದಸ್ಯರೇ, ಹಿಂದಿನ ಗಟ್ಟಿ ಬೆಂಚುಗಳ ಮೇಲೆ ಕುಳಿತು ಆ ಕುರ್ಚಿಗಳ ಬೆಲೆಯನ್ನೂ ಕೊಟ್ಟಿರುವ ನನ್ನ ಸಭಿಕರೇ,

ನಿರೂಪಕರು ನನ್ನನ್ನು ‘ಹುತಾತ್ಮೆಯ ಪತಿ’ ಎಂದು ಕರೆದರು. ದೊಡ್ಡ ಮಾತು. ಆದರೆ ಅದು ನನ್ನ ಕಸುಬಲ್ಲ. ನಾನು ಇಸ್ತ್ರಿಯವನು. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ನನ್ನ ಮೇಜಿದೆ. ಈ ವೇದಿಕೆಯ ಮೇಲಿರುವ ಅರ್ಧಕ್ಕರ್ಧ ಅಂಗಿಗಳು ಇವತ್ತು ಬೆಳಿಗ್ಗೆ ನನ್ನ ಮೇಜಿನ ಮೇಲೆ ಮಲಗಿ ಎದ್ದು ಬಂದವು. ಹಾಗಾಗಿ ಇಲ್ಲಿ ನನಗೆ ಯಾರೂ ಅಪರಿಚಿತರಲ್ಲ.

ನನಗೆ ಹೇಳಿದ್ದು ಇಷ್ಟು: ಬನ್ನಿ, ಫಲಕ ತಗೊಳ್ಳಿ, ನಾಲ್ಕು ಮಾತಾಡಿ, ಆಮೇಲೆ ಈ ಒಪ್ಪಿಗೆಗೆ ಸಹಿ ಹಾಕಿ. ನೋಡಿ, ಪೆನ್ನಿನ ಮುಚ್ಚಳ ಕೂಡ ತೆಗೆದಿಟ್ಟಿದ್ದಾರೆ. ಫೋಟೋದವರು ಮೊಣಕಾಲೂರಿ ಕಾಯುತ್ತಿದ್ದಾರೆ. ಅಪ್ಪಾ, ಸ್ವಲ್ಪ ಕೂತ್ಕೋ. ಮೊಣಕಾಲು ನೋಯುತ್ತದೆ. ನನ್ನ ಮಾತು ನಾಲ್ಕಕ್ಕೆ ಮುಗಿಯುವುದಿಲ್ಲ.

ಯಾವುದಕ್ಕೆ ಒಪ್ಪಿಗೆ? ಹಿಂದಿನ ಬೆಂಚಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ನಗರಸಭೆಯ ಎದುರಿನ ಚೌಕದಲ್ಲಿ ಒಂದು ಸ್ಮಾರಕ ಕಟ್ಟುತ್ತಾರಂತೆ. ನಾವು ಮಾಡಿದ ತೆರಿಗೆ ವಿರೋಧಿ ಹೋರಾಟದ ಸ್ಮಾರಕ. ನಡುವೆ ನನ್ನ ಹೆಂಡತಿಯ ಕಂಚಿನ ಪ್ರತಿಮೆ, ಸುತ್ತ ಕಾರಂಜಿ, ಕಾರಂಜಿಗೆ ಬಣ್ಣದ ದೀಪ. ಇದಕ್ಕೆಲ್ಲ ಹಣ ಎಲ್ಲಿಂದ? ಈ ತಿಂಗಳಿಂದ ನಿಮ್ಮ ನೀರಿನ ಬಿಲ್ಲಿನ ಕೊನೆಯಲ್ಲಿ ಹೊಸದೊಂದು ಸಾಲು ಬಂದಿದೆಯಲ್ಲ, ‘ಸ್ಮಾರಕ ಉಪಕರ’, ಅಲ್ಲಿಂದ. ತೆರಿಗೆ ಬೇಡ ಎಂದು ಸತ್ತವಳ ಪ್ರತಿಮೆಗೆ ತೆರಿಗೆ!

ನಗಬೇಡಿ. ನಾನೂ ಮೊದಲು ನಕ್ಕೆ. ಆಮೇಲೆ ಬಿಲ್ಲನ್ನು ಮತ್ತೊಮ್ಮೆ ಓದಿದೆ.

ಆ ಹೋರಾಟದ ಕಾಲದಲ್ಲಿ, ನನ್ನ ಮಗಳು ಇನ್ನೂ ಕೈಗೂಸಾಗಿದ್ದಾಗ ಏನಾಗಿತ್ತು, ನೆನಪಿದೆಯೇ? ನೆನಪಿಲ್ಲದವರಿಗೆ ಹೇಳುತ್ತೇನೆ. ಅಂದಿನ ನಗರಸಭೆ ಎರಡೇ ಮಹಡಿಯ ತನ್ನ ಕಟ್ಟಡಕ್ಕೆ ಗಾಜಿನ ಲಿಫ್ಟ್ ಹಾಕಿಸಿತು. ಸದಸ್ಯರಿಗೆಲ್ಲ ಕಾರು ಕೊಂಡಿತು. ಬೊಕ್ಕಸ ಬರಿದಾಯಿತು. ಆಗ ಬಂತು ನೋಡಿ, ಬೋರ್ಡಿಗೆ ತೆರಿಗೆ, ಹೊಸ್ತಿಲಿಗೆ ತೆರಿಗೆ, ಅಂಗಡಿಯ ಮುಂದೆ ಬಿದ್ದ ನೆರಳಿಗೆ ತೆರಿಗೆ. ನಾವು ಇದ್ದಿಲು ಹಾಕಿ ಇಸ್ತ್ರಿ ಪೆಟ್ಟಿಗೆ ಕಾಯಿಸುವವರು. ನಮಗೆ ಹೊಗೆ ತೆರಿಗೆ. ವಸೂಲಿಯವನು ಮೂಗಿಗೆ ಬಟ್ಟೆ ಹಿಡಿದು ಬಂದು ನಿಂತ. ನನ್ನ ಹೆಂಡತಿ ಪೆಟ್ಟಿಗೆಯಿಂದ ತಲೆಯೆತ್ತದೆ ಹೇಳಿದಳು: “ಸಾರ್, ಈ ಹೊಗೆ ಎಲ್ಲಾ ಮೇಲಕ್ಕೇ ಹೋಗೋದು. ಮೇಲಿರೋರು ನೀವು. ತಗೊಂಡಿದ್ದಕ್ಕೆ ನೀವೇ ಕೊಡ್ಬೇಕು.”

ಅವಳ ಬಾಯಿ ಹಾಗೆ. ಬೀದಿಯೆಲ್ಲ ಅವಳನ್ನು ಕೆಂಡಕ್ಕ ಎನ್ನುತ್ತಿತ್ತು. ಕೆಂಡವನ್ನು ಬೆರಳಲ್ಲೇ ಎತ್ತಿ ಪೆಟ್ಟಿಗೆಗೆ ಹಾಕುತ್ತಿದ್ದಳು ಎಂದು ಆ ಹೆಸರು. ಬಾಯಿಗೂ ಸರಿಹೊಂದಿತು.

ತೆರಿಗೆ ಕಟ್ಟಲಾಗದೆ ಬೀದಿಯ ಅಂಗಡಿಗಳ ಕಬ್ಬಿಣದ ಬಾಗಿಲುಗಳು ಒಂದೊಂದಾಗಿ ಕೆಳಗಿಳಿದವು. ಸೈಕಲ್ ರಿಪೇರಿಯ ಶೆಡ್ಡಿನಲ್ಲಿ ನಾವೆಲ್ಲ ಸಭೆ ಸೇರಿದೆವು. ಆ ಶೆಡ್ಡಿನ ಮಾಲೀಕನನ್ನು ನಾವು ಪಂಕ್ಚರ್ ಎಂದು ಕರೆಯುತ್ತಿದ್ದೆವು. ಈಗ ಗೌರವಾನ್ವಿತ ಅಧ್ಯಕ್ಷರು ಎನ್ನುತ್ತೇವೆ. ಇಗೋ, ಇಲ್ಲೇ ಕುಳಿತಿದ್ದಾರೆ. ಅಂದು ಒಬ್ಬ ತೆರಿಗೆಯ ಬಿಲ್ಲು ಸುಡೋಣ ಎಂದ. ಒಬ್ಬ ಲಿಫ್ಟಿನ ಗಾಜು ಒಡೆಯೋಣ ಎಂದ. ಕೆಂಡಕ್ಕ ಮೂಲೆಯಲ್ಲಿ ಟೈರಿನ ಮೇಲೆ ಕೂತಿದ್ದಳು. “ನಾಳೆಯಿಂದ ಊರಲ್ಲಿ ಯಾರೂ ಬಟ್ಟೆಗೆ ಇಸ್ತ್ರಿ ಹಾಕಿಸ್ಬೇಡಿ” ಎಂದಳು.

ಪಂಕ್ಚರ್ ನಕ್ಕ. “ಅಲ್ಲ ಕಣಕ್ಕಾ, ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೋತೀಯಾ?”

“ಹೊಟ್ಟೆ ಹೆಂಗೋ ನೋಡ್ಕೋತೀವಿ. ಬಿಲ್ಲು ಸುಟ್ರೆ ಒಂದು ದಿನ ಉರಿದು ಬೂದಿ ಆಗುತ್ತೆ. ಸುಕ್ಕು ದಿನಾ ಕಾಣುತ್ತೆ. ಯಾರು ನಮ್ಮೋರು, ಯಾರು ಅವರ ಕಡೆಯೋರು ಅಂತ ಬೀದೀಲೇ ಗೊತ್ತಾಗುತ್ತೆ.”

ಈ ಮಾತನ್ನು ದಯವಿಟ್ಟು ನೆನಪಿಡಿ. ನಾನು ಮರೆಯಲು ಎಷ್ಟು ಯತ್ನಿಸಿದರೂ ಸಾಧ್ಯವಾಗಿಲ್ಲ.

ಹೀಗೆ ಹುಟ್ಟಿತು ಸುಕ್ಕು ಚಳವಳಿ. ಮೇಷ್ಟ್ರುಗಳು ಸುಕ್ಕು ಅಂಗಿಯಲ್ಲಿ ಪಾಠ ಮಾಡಿದರು. ಬ್ಯಾಂಕಿನ ಗುಮಾಸ್ತರು ಮುದ್ದೆಯಾದ ಕಾಲರಿನಲ್ಲಿ ಬಂದು ನೋಟು ಎಣಿಸಿದರು. ಒಬ್ಬ ಮದುಮಗ ಸುಕ್ಕು ಕೋಟಿನಲ್ಲೇ ಮದುವೆಯಾದ. ಹೆಣ್ಣಿನ ಅಪ್ಪ ಮೂರು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದ. ಕೊನೆಗೆ ನಗರಸಭೆಯ ಗುಮಾಸ್ತರೇ ಸುಕ್ಕಾದರು. ಸದಸ್ಯರು ಮಾತ್ರ ತಮ್ಮ ಅಂಗಿಗಳನ್ನು ನಗರಸಭೆಯ ಕಾರಿನಲ್ಲಿ ಪಕ್ಕದ ಊರಿಗೆ ಕಳಿಸಿ ಇಸ್ತ್ರಿ ಹಾಕಿಸಿ ತರಿಸುತ್ತಿದ್ದರು. ಪೆಟ್ರೋಲು ಯಾರದು? ನಿಮ್ಮದೇ.

ಊರಿಗೆ ಊರೇ ನಕ್ಕಿತು. ನಮ್ಮ ಒಲೆ ಮಾತ್ರ ಹೊತ್ತಲಿಲ್ಲ. ಇಸ್ತ್ರಿ ಇಲ್ಲದ ಊರಲ್ಲಿ ಇಸ್ತ್ರಿಯವರು ಏನು ತಿನ್ನಬೇಕು? ಬೀದಿ ನಮ್ಮನ್ನು ಸಾಕಿತು. ಅದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಮೆರವಣಿಗೆಯ ದಿನ ಬಂತು. ನಗರಸಭೆಯ ಮೆಟ್ಟಿಲ ತನಕ ಹೋಗಿ ಲೆಕ್ಕ ಕೇಳುವುದೆಂದು ತೀರ್ಮಾನ. ಬೆಳಿಗ್ಗೆ ಎದ್ದು ನೋಡುತ್ತೇನೆ, ಇದ್ದಿಲಿನ ಹೊಗೆ! ಕೆಂಡಕ್ಕ ತನ್ನ ನೀಲಿ ಉಡುಪನ್ನು ಮೇಜಿನ ಮೇಲೆ ಹಾಸಿ ನೀರು ಚಿಮುಕಿಸುತ್ತಿದ್ದಾಳೆ.

“ಏನೇ ಇದು? ತಲೆ ಕೆಟ್ಟಿದೆಯಾ?” ಎಂದೆ.

“ದೊಡ್ಡ ಆಫೀಸಿಗೆ ಹೋಗ್ತಿದೀವಿ ಕಣ್ರೀ. ಮುದುರಿಕೊಂಡು ಹೋಗಿ ನಿಂತ್ರೆ, ಅಯ್ಯೋ ಪಾಪ ಅಂತ ಏನಾದ್ರೂ ಬಿಸಾಕ್ತಾರೆ. ನಾನು ಕೇಳೋಕೆ ಹೋಗ್ತಿರೋದು ಲೆಕ್ಕ. ಭಿಕ್ಷೆ ಅಲ್ಲ.”

ಆಗ ಅವಳ ಮಾತು ಸರಿ ಅನ್ನಿಸಿತು. ಇವತ್ತಿಗೂ ಸರಿಯೇ. ನಮ್ಮ ಕಸುಬಿನವರ ಹೆಮ್ಮೆ ಅದು: ಎದುರಿನವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕಾದ ದಿನ ಕಾಲರು ನೆಟ್ಟಗಿರಬೇಕು. ನಮ್ಮ ಬೀದಿಯಲ್ಲಿ ಅವಳನ್ನು ಅರಿಯದವರಿಲ್ಲ. ಆದರೆ ಮೆರವಣಿಗೆಗೆ ಬಂದದ್ದು ನಮ್ಮ ಬೀದಿಯಷ್ಟೇ ಅಲ್ಲ, ಇಡೀ ಊರು. ಅದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಸಭಿಕರೇ, ಮುಂದಿನದನ್ನು ನಾನು ಯಾವ ವೇದಿಕೆಯ ಮೇಲೂ ಹೇಳಿಲ್ಲ. ಇವತ್ತೂ ಹೇಳಬೇಕೆಂದು ಬಂದಿರಲಿಲ್ಲ.

ಮೆಟ್ಟಿಲ ಮುಂದೆ ಪೊಲೀಸರ ಸಾಲು. ಇತ್ತ ನಮ್ಮ ಸಾಲು, ಕೈಗೆ ಕೈ ಹೆಣೆದು ನಿಂತ ಸಾಲು. ಕೆಂಡಕ್ಕ ಮೊದಲ ಸಾಲಿನಲ್ಲಿ. ನಾನು ಮೂರು ಮಾರು ಹಿಂದೆ, ಪುಟ್ಟ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು. ಒಂದು ದನಿ ಕೇಳಿತು: “ಇಸ್ತ್ರಿ ಬಟ್ಟೆ ನೋಡ್ರೋ! ಇವಳು ಅವರ ಕಡೆಯೋಳು!” ಇನ್ನೊಂದು: “ಸದಸ್ಯರ ಮನೇವಳಿರ್ಬೇಕು, ನೋಡ್ಕೊಂಡು ಹೋಗಿ ಹೇಳೋಕೆ ಬಂದವಳೇ!” ಮತ್ತೊಂದು: “ಆಚೆ ನೂಕ್ರೋ!” ಅವಳು ತಿರುಗಿ ನಗುನಗುತ್ತಲೇ, “ನಾನೂ ನಿಮ್ಮೋಳೇ ಕಣ್ರಪ್ಪಾ” ಎಂದಳು. ನಾನೂ ಕೂಗಿದೆ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಹೆಣೆದ ಕೈಗಳು ಬಿಚ್ಚಿಕೊಂಡವು. ಸಾಲಿನಿಂದ ಅವಳನ್ನು ಹೊರಗೆ ತಳ್ಳಿದರು.

ಆ ಸಾಲಿಗೂ ಈ ಸಾಲಿಗೂ ನಡುವೆ, ಬಯಲಲ್ಲಿ, ಅವಳೊಬ್ಬಳೇ. ನೀಲಿ ಬಟ್ಟೆ. ಆಗ ಪೊಲೀಸರು ಸೀಟಿ ಊದಿದರು.

ಲಾಠಿ ಬಿದ್ದದ್ದು ನಿಜ. ನಿರಾಯುಧಳ ತಲೆಯ ಮೇಲೆ ಹೊಡೆದದ್ದು ನಿಜ. ಹೊಡೆಸಿದ ನಗರಸಭೆಯನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಸಾಲಿನಲ್ಲಿದ್ದವರಿಗೆ ಏಟು ಹೆಗಲಿಗೆ ಬಿತ್ತು, ಬೆನ್ನಿಗೆ ಬಿತ್ತು. ಒಬ್ಬರನ್ನೊಬ್ಬರು ತಬ್ಬಿ ಬದುಕಿದರು. ತಬ್ಬಲು ಯಾರೂ ಇಲ್ಲದೆ ಹೋದವಳು ಅವಳೊಬ್ಬಳೇ. ತಳ್ಳಿದವರು ಯಾರು? ನಾವು. ಹೆಸರು ಕೇಳಬೇಡಿ. ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ. ಆ ಕೈಗಳಿಗೂ ತಾವು ಯಾರನ್ನು ತಳ್ಳಿದೆವೆಂದು ಮರುದಿನ ತಿಳಿದಿರಬೇಕು. ಅಷ್ಟು ಶಿಕ್ಷೆ ಸಾಕು.

ಆಮೇಲಿನದು ನಿಮಗೆಲ್ಲ ಗೊತ್ತು. ಊರು ಹೊತ್ತಿ ಉರಿಯಿತು, ತೆರಿಗೆ ರದ್ದಾಯಿತು, ಆ ನಗರಸಭೆ ಬಿತ್ತು, ನಮ್ಮವರು ಗೆದ್ದರು. ತಳ್ಳಿದ ಮಾತು ಹೊರಗೆ ಬಂದರೆ ಎದುರಿನವರಿಗೆ ಕೋಲು ಕೊಟ್ಟಂತೆ ಎಂದು ಚಳವಳಿಯವರು ಹೇಳಿದರು, ನಾನು ಸುಮ್ಮನಾದೆ. ನೋಡನೋಡುತ್ತಿದ್ದಂತೆ ಅವಳು ‘ಸುಕ್ಕು ಬಟ್ಟೆಯ ವೀರವನಿತೆ’ಯಾದಳು.

ಕಳೆದ ತಿಂಗಳು ನಗರಸಭೆಯವರು ಶಿಲ್ಪಿಯ ಶೆಡ್ಡಿಗೆ ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋದರು. ಕೆಂಡಕ್ಕನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವಳ ಒಡಹುಟ್ಟಿದ ಅಕ್ಕನ ಮುಖ ನೋಡಿ, ನನ್ನ ಮಾತು ಕೇಳಿ, ಆ ಪುಣ್ಯಾತ್ಮ ಜೇಡಿಮಣ್ಣಿನಲ್ಲಿ ಮಾದರಿ ಮಾಡಿದ್ದ. ಅದಕ್ಕೆ ಹೊದಿಸಿದ್ದ ಒದ್ದೆ ಗೋಣಿ ಸರಿಸಿದ. ಸುಳ್ಳು ಹೇಳಬಾರದು, ಅವಳೇ. ಬೈಯುವ ಮುಂಚೆ ಒಂದು ಕ್ಷಣ ತುಟಿ ಬಿಗಿಹಿಡಿಯುತ್ತಿದ್ದಳಲ್ಲ, ಅದೂ ಇತ್ತು. ನನ್ನ ಮಗಳು ಬಸ್ ಕಂಡಕ್ಟರು. ದಿನವಿಡೀ ಜನರನ್ನು ಗದರಿ ಒಳಗೆ ಸರಿಸುವವಳು. ಅವಳು ಮಣ್ಣಿನ ಕೆನ್ನೆಗೆ ಬೆರಳು ತಾಗಿಸಿ, “ಅಮ್ಮ ಹಿಂಗಿದ್ಲಾ ಅಪ್ಪಾ?” ಎಂದಳು. ಹೂಂ ಎಂದೆ. ಅವಳು ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

ನಾನು ಆಮೇಲೆ ಬಟ್ಟೆ ನೋಡಿದೆ. ಸುಕ್ಕು! ತೋಳಿನಲ್ಲಿ, ಸೊಂಟದಲ್ಲಿ, ಕಾಲರಿನಲ್ಲಿ. ಎಂಥಾ ಕೈಚಳಕ! ನಾನು ಕಂಡ ಅತಿ ಚಂದದ ಸುಕ್ಕು. “ಅಣ್ಣಾ, ಇದನ್ನ ಸ್ವಲ್ಪ ನಯ ಮಾಡೋಕಾಗುತ್ತಾ?” ಎಂದು ಕೇಳಿದೆ. “ಆಗಲ್ಲ ಯಜಮಾನ್ರೇ, ನಗರಸಭೆ ಮಂಜೂರು ಮಾಡಿರೋ ನಕ್ಷೇಲೇ ಸುಕ್ಕಿದೆ” ಎಂದ.

ಮೊನ್ನೆ ನಮ್ಮ ಬೀದಿ ಗುಡಿಸುವ ಹೆಂಗಸು ನನ್ನ ಮೇಜಿನ ಬಳಿ ನೀರಿನ ಬಿಲ್ಲು ಹಿಡಿದು ನಿಂತಿದ್ದಳು. ಕೊನೆಯ ಸಾಲು ಓದಿಸಿಕೊಂಡಳು. ಓದಿದೆ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. “ಹೋಗ್ಲಿ ಬಿಡಿ ಅಣ್ಣ, ಕೆಂಡಕ್ಕನಿಗೆ ತಾನೆ. ಎಲ್ಲಾದ್ರೂ ಉಳಿಸಿ ಕಟ್ತೀನಿ” ಎಂದಳು.

ಎಲ್ಲಿ ಉಳಿಸುತ್ತಾಳೆ? ಹೇಳಿ ಅಧ್ಯಕ್ಷರೇ, ಯಾವ ತುತ್ತಿನಲ್ಲಿ ಉಳಿಸುತ್ತಾಳೆ? ಆಸ್ಪತ್ರೆಯ ಹೆರಿಗೆ ಕೋಣೆಗೆ ಬಾಗಿಲು ಹಾಕಿಸಲು ದುಡ್ಡಿಲ್ಲ ಎಂದಿರಿ. ನಮ್ಮ ಬೀದಿಯ ಚರಂಡಿಗೆ ಮುಚ್ಚಳವಿಲ್ಲ ಎಂದಾಗ ಮುಂದಿನ ವರ್ಷ ನೋಡೋಣ ಎಂದಿರಿ. ಕಂಚಿಗೆ ಎಲ್ಲಿಂದ ಬಂತು? ಕಾರಂಜಿಗೆ ಎಲ್ಲಿಂದ ಬಂತು? ಪಂಕ್ಚರ್, ಅವತ್ತು ಸೈಕಲ್ ಮೇಲೆ ಹತ್ತಿ ನಿಂತು ಮೈಕು ಹಿಡಿದು ನೀನೇ ಕೂಗಿದ್ದೆಯಲ್ಲೋ: “ನಮ್ಮನ್ನ ಕೇಳ್ದೆ ನಮ್ಮ ದುಡ್ಡಲ್ಲಿ ಯಾಕ್ರೀ ಕಟ್ತೀರಾ?” ಆ ಪ್ರಶ್ನೆಗೆ ಉತ್ತರ ಸಿಕ್ಕಿತಾ? ಅಥವಾ ಕುರ್ಚಿ ಸಿಕ್ಕಿದ್ದೇ ಉತ್ತರವಾ?

ಇಲ್ಲಿಗೆ ಮುಗಿದಿದ್ದರೆ ನನಗೆ ಸುಲಭವಿತ್ತು. ಬೇಡ ಎಂದು ಹೇಳಿ ಕೆಳಗಿಳಿಯುತ್ತಿದ್ದೆ. ಆದರೆ ನಿನ್ನೆ ಊಟಕ್ಕೆ ಕೂತಾಗ, ನಾನು ಸಹಿ ಹಾಕುವುದಿಲ್ಲ ಎಂದದ್ದಕ್ಕೆ ಮಗಳು ತಟ್ಟೆ ಸರಿಸಿದಳು. “ನಿಂಗೇನಪ್ಪಾ, ನಿಂಗೆ ಅವಳ ಮುಖ ನೆನಪಿದೆ. ಕಣ್ಣು ಮುಚ್ಚಿದ್ರೆ ಬರ್ತಾಳೆ. ನಂಗೇನಿದೆ?” ಎಂದಳು.

ತಟ್ಟೆಯನ್ನು ಮತ್ತೆ ಅವಳ ಮುಂದಿಟ್ಟೆ. ಅವಳು ಮುಟ್ಟಲಿಲ್ಲ. ಅವಳು ಈ ಸಭೆಯಲ್ಲೇ ಇದ್ದಾಳೆ, ಆ ಕಂಬದ ಪಕ್ಕ. ಊರಿಗೆಲ್ಲ ಉತ್ತರ ಹೇಳುವ ನಾನು ಅವಳಿಗೆ ಹೇಳಲಾರೆ. ಆದರೂ ಮಗಳೇ, ಆ ಬೀದಿ ಗುಡಿಸುವವಳ ಕೊಡದಿಂದ ನೀರು ತೆಗೆದು ನಿನ್ನಮ್ಮನ ಮುಖ ಎರಕ ಹೊಯ್ಯಲು ನಾನು ಒಪ್ಪಲಾರೆ. ಅವಳು ಇದ್ದಿದ್ದರೆ ಆ ಪ್ರತಿಮೆಯ ಕೆಳಗೇ ನಿಂತು ಅದಕ್ಕೆ ಬೈಯುತ್ತಿದ್ದಳು.

ಅಧ್ಯಕ್ಷರೇ, ನನ್ನ ಸಹಿ ಇಲ್ಲ. ಪೆನ್ನಿಗೆ ಮುಚ್ಚಳ ಹಾಕಿದ್ದೇನೆ. ಫಲಕವೂ ಬೇಡ, ಮೇಜಿನ ಮೇಲೇ ಇರಲಿ. ನಾಳೆಯಿಂದ ನನ್ನ ಪೆಟ್ಟಿಗೆಗೆ ಕೆಂಡ ಬೀಳುವುದಿಲ್ಲ. ಆ ಉಪಕರ ಬಿಲ್ಲಿನಿಂದ ಇಳಿಯುವ ತನಕ ಈ ಊರಿನ ಯಾವ ಅಂಗಿಯೂ ನನ್ನ ಮೇಜಿನ ಮೇಲೆ ಮಲಗುವುದಿಲ್ಲ. ಬೆಳಿಗ್ಗೆ ಅದೇ ಮೆಟ್ಟಿಲ ಮುಂದೆ ನಾನು ನಿಂತಿರುತ್ತೇನೆ. ಬರುವವರು ಬನ್ನಿ.

ಮಗಳು ಎದ್ದಿದ್ದಾಳೆ. ಬಾಗಿಲ ಬಳಿ ಇರುವವರೇ, ತಡೆಯಬೇಡಿ, ದಾರಿ ಬಿಡಿ. ಅವಳ ಸಿಟ್ಟು ನ್ಯಾಯವಾದದ್ದು. ಅವಳಿಗೆ ಸಿಕ್ಕಿದ್ದ ಒಂದೇ ಮುಖವನ್ನು ನಾನು ಈ ಮೈಕಿನ ಮುಂದೆ ನಿಂತು ಕಿತ್ತುಕೊಂಡೆ.

ಹೋದಳು.

ಸಭಿಕರೇ, ಒಂದೇ ಒಂದು ಮಾತು ಹೇಳಿ ಇಳಿಯುತ್ತೇನೆ. ಅವಳು ನಾಳೆ ಮೆಟ್ಟಿಲ ಬಳಿ ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೆ, ಬೆಳಗಿನ ಪಾಳಿ ಮುಗಿಸಿ ನೇರ ಬರುತ್ತಾಳೆ. ಕಂಡಕ್ಟರ ಸಮವಸ್ತ್ರ, ಅದಕ್ಕೆ ಇಸ್ತ್ರಿ ಇಲ್ಲದಿದ್ದರೆ ಬಸ್ ಡಿಪೋದ ಒಳಗೆ ಬಿಡುವುದಿಲ್ಲ. ಗೆರೆ ಕೂಡ ಮುರಿಯದ ಬಟ್ಟೆಯಲ್ಲಿ ಒಬ್ಬ ಹೆಂಗಸು ನಿಮ್ಮ ಸಾಲಿನ ಕಡೆ ನಡೆದು ಬಂದರೆ, ಯಾರ ಕಡೆಯವಳು ಎಂದು ಕೇಳಬೇಡಿ. ಕೈ ಬಿಚ್ಚಿ, ನಡುವೆ ಜಾಗ ಕೊಟ್ಟು, ಮತ್ತೆ ಕೈ ಹೆಣೆದುಕೊಳ್ಳಿ.

ಇಷ್ಟು ಹೊತ್ತು ಮೈಕು ಕಿತ್ತುಕೊಳ್ಳದೆ ಕುಳಿತ ಅಧ್ಯಕ್ಷರಿಗೂ, ಗಟ್ಟಿ ಬೆಂಚಿನ ಮೇಲೆ ಸೊಂಟ ನೋಯಿಸಿಕೊಂಡು ಕೇಳಿದ ನಿಮಗೂ ನಾನು ಋಣಿ. ನಮಸ್ಕಾರ.