ಸಾಹುಕಾರರ ಕೈಗೆ ಸೌಟು

ಒಂದೂರು. ಆ ಊರಲ್ಲಿ ಗುರುಸಿದ್ದಪ್ಪ ಅಂತ ಒಬ್ಬ ಸಾಹುಕಾರ. ಎಂಥ ಸಾಹುಕಾರ? ಮನೆಗೆ ನಾಲ್ಕು ಜನ ಬರಲಿ, ನಲವತ್ತು ಜನ ಬರಲಿ, ಸೊಂಟಕ್ಕೆ ಟವೆಲ್ ಬಿಗಿದು ತಾನೇ ಬಡಿಸೋನು. "ಇನ್ನೊಂದು ಸೌಟು ಹಾಕಿಸ್ಕೊಳ್ಳಿ, ನಾಚ್ಕೋಬೇಡಿ" ಅಂತ ಉಪಚಾರ ಮಾಡಿ, ಎಲ್ಲರದೂ ಆದ ಮೇಲೆ ತಾನು ಕೂರೋನು. ಬಡಿಸದೆ ಉಂಡ ದಿನವೇ ಇರಲಿಲ್ಲ.

ಹೆಂಡತಿ ತೀರಿಕೊಂಡಳು, ಮಂಡಿ ಹಿಡಿಯಿತು. ತಾನೇ ಯೋಚಿಸಿ ವೃದ್ಧಾಶ್ರಮ ಸೇರಿದ. ನೋಡಿ, ಯಾರೂ ತಳ್ಳಲಿಲ್ಲ. ಅಲ್ಲಿ ಏನು ಕಡಿಮೆ? ಹೊತ್ತಿಗೆ ಸರಿಯಾಗಿ ತಟ್ಟೆ ಮುಂದೆ ಬರುತ್ತೆ. ಆದರೆ ತುತ್ತು ಇಳೀತಾನೇ ಇಲ್ಲ! ತಿಂಗಳಲ್ಲಿ ಆಳು ಅರ್ಧ ಆದ. ಡಾಕ್ಟರು ಟಾನಿಕ್ ಬರೆದರು. ಮಗಳು ರವೆ ಉಂಡೆ ತಂದು, "ಅಪ್ಪಾಜಿ, ಏನು ಕೊರತೆ?" ಅಂದಳು. "ಏನೂ ಇಲ್ಲ ಕಣಮ್ಮ" ಅಂದ. ದಂಡಕ್ಕೆ ಕೂತು ತಿಂತಿದೀನಿ ಅನ್ನೋ ನಾಚಿಕೆಯನ್ನು ಮಗಳ ಹತ್ತಿರ ಹೇಳೋದು ಹೇಗೆ?

ಒಂದು ಮಧ್ಯಾಹ್ನ ತಡೆಯಲಾರದೆ ಎದ್ದು ಸಾರಿನ ಬಕೆಟ್ಟಿಗೆ ಕೈ ಹಾಕಿದ. ಮ್ಯಾನೇಜರು ಓಡಿ ಬಂದರು. "ಅಯ್ಯೋ ತಾತ, ನಿಮಗ್ಯಾಕೆ ಕಷ್ಟ? ಆರಾಮಾಗಿ ಕೂತ್ಕೊಳ್ಳಿ" ಅಂತ ಭುಜ ಹಿಡಿದು ಕೂರಿಸಿದರು. ಎಷ್ಟು ಪ್ರೀತಿ, ನೋಡಿ! ಆ ಪ್ರೀತಿಗೆ ಇವನು ಎರಡು ದಿನ ಊಟ ಬಿಟ್ಟು ಮಲಗಿದ.

ಮೂರನೇ ದಿನ ಅಡಿಗೆಯ ಪುಟ್ಟಗೌರಮ್ಮ ಮಂಚದ ಹತ್ತಿರ ಬಂದು ಗದರಿದಳು. "ಏನ್ ಸಾಹುಕಾರ್ರೇ, ಎಲ್ಲಾ ಊಟಕ್ಕೆ ಕೂತವ್ರೆ, ನೀವು ಮಲಗಿದ್ರೆ ಬಡಿಸೋರ್ಯಾರು? ಏಳಿ ಮೇಲೆ!" ಮ್ಯಾನೇಜರು ಬಾಯಿ ತೆರೆಯೋ ಮುಂಚೆ, "ಸುಮ್ನಿರಿ ಸಾರ್, ಬಕೆಟ್ ನಾನು ಹಿಡೀತೀನಿ" ಅಂದಳು.

ಗುರುಸಿದ್ದಪ್ಪ ಎದ್ದು ಬಂದು ಸೌಟು ಹಿಡಿದ. ಅರ್ಧ ಸಾರು ತಟ್ಟೆಗೆ, ಅರ್ಧ ಮೇಜಿಗೆ. "ನನ್ನ ಸೀರೆಗೂ ಬಡಿಸಿದ್ರಲ್ಲಪ್ಪ" ಅಂತ ಒಬ್ಬ ಅಜ್ಜಿ ನಕ್ಕಳು. ಇವನೂ ನಕ್ಕ. ಎಲ್ಲರಿಗೂ ಉಪಚಾರ ಮಾಡಿ, ಕೊನೆಗೆ ತಾನು ಕೂತು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಅದು ಆಶ್ರಮದ ಮಾತಾಯ್ತು. ಈಗ ನಿಮ್ಮ ಮನೆಗೆ ಬರೋಣ. ಮೊನ್ನೆ ನಿಮ್ಮತ್ತೆ ಸೊಪ್ಪು ಬಿಡಿಸೋಕೆ ಕೂತಾಗ ಏನಂದಿರಿ? "ಬಿಡಿ, ನಾನು ಮಾಡ್ಕೋತೀನಿ." ನಿಮ್ಮಪ್ಪ ಹಾಲು ತರೋಕೆ ಚಪ್ಪಲಿ ಮೆಟ್ಟಿದಾಗ? "ನಿಮಗ್ಯಾಕಪ್ಪ?" ಅದನ್ನ ಸೇವೆ ಅಂದುಕೊಂಡಿದ್ದೀರಿ. ಅದರಲ್ಲಿ ಅರ್ಧ ನಿಮ್ಮ ಅವಸರ ಅಲ್ಲವಾ? ನಾಳೆಯಿಂದ ದಿನಕ್ಕೊಂದು ಕೆಲಸ ಅವರಿಗೇ ಬಿಡಿ. ಚೆಲ್ಲಲಿ, ಹೊತ್ತಾಗಲಿ. ನೀವು ಒರೆಸೋ ಬಟ್ಟೆ ಹಿಡಿದು ಬಾಯಿ ಮುಚ್ಚಿಕೊಂಡಿರಿ.