ಹೆರಿಗಿ ಖೋಲಿ ಮುಂದ ಕುಂಟಾಟ

…ಅಲ್ಲಬೇ ಕಹಕಶಾನ್, ಯಾಕ ನಗ್ತಿ? ಐವತ್ಮೂರು ವರ್ಷದಾಕಿ ಸೀರಿ ಎತ್ತಿ ಕಟ್ಟಿ ನಿಮ್ಮ ಅಂಗಳದಾಗ ಕುಂಟಾಟದ ಮನಿ ಬರದ್ರ ನಗೂದಾ? ನಗು, ನಗು! ನಿಮ್ಮ ಅಮ್ಮೀನೂ ಬಾಗಿಲದಾಗ ನಿಂತು ನಗಾಕತ್ತಾರ.

ಇಲ್ಲವ್ವಾ, ನಿನ್ನ ಕರಕೊಂಡು ಹೋಗಾಕ ಬಂದಿಲ್ಲ. ರಾಯಚೂರಾಗ ಕೆಲಸ ಇತ್ತು, ಹಂಗ ಹೊಕ್ಕೆ. ಎಂಟು ದಿನಾತು ನೀ ಡ್ಯೂಟಿಗಿ ಬಂದಿಲ್ಲ, ರಾಜೀನಾಮಿ ಬರದಿಟ್ಟಿ ಅಂತ… ಆ ಮಾತು ನಾ ಎತ್ತಲ್ಲ ತಗಿ. ನಿನ್ನ ಕೈಯಾಗ ಹುಟ್ಟಿದ ಆ ಕೂಸು ಅಳಲಿಲ್ಲ, ಉಳೀಲಿಲ್ಲ. ನಿನ್ನ ತಪ್ಪಲ್ಲ ಅಂತ ಡಾಕ್ಟರ್ರೂ ಹೇಳ್ಯಾರ. ಆತು, ಬಿಟ್ಟೆ.

ನಮ್ಮ ದೇವದುರ್ಗದ ದವಾಖಾನ್ಯಾಗ ನಾವು ಹೆರಿಗಿ ಖೋಲಿ ಮುಂದ ಹಿಂಗ ಮನಿ ಬರದು ಕುಂಟತೀವಲ್ಲ, ನೀ ಹೊಸದಾಗಿ ಬಂದಾಗ 'ಮಹಾಂತಮ್ಮ ಸಿಸ್ಟರ್‌ಗೆ ತಲಿ ಕೆಟ್ಟದ' ಅಂದಿದ್ದಿ. ಏ, ಅಂದಿದ್ದಿ! ದಿನಕ್ಕ ಹತ್ತು ಹೆರಿಗಿ, ನಾಕು ಮಂದಿ ನಾವು. ಕುಂಟಲಿಲ್ಲಂದ್ರ ಒಬ್ಬರ ಮ್ಯಾಲ ಒಬ್ಬರು ಹರಿಹಾಯ್ತಿದ್ವಿ.

ಮೊನ್ನೆ ಗೂಗಲ್ ಹಳ್ಳಿಯಾಕಿ ಬಂಡೆಮ್ಮ ಬಂದಿದ್ಲು. ಚೊಚ್ಚಲ. ಅಂಜಿಕಿಗಿ ಮಂಚದ ಸರಳು ಬಿಡವಲ್ಲಳು, 'ಸಾಯ್ತೀನ್ರೀ ಯವ್ವಾ' ಅಂತ ಒಂದೇ ಸವನ. ಅಷ್ಟರಾಗ ನಮ್ಮ ರಾಧಾ ಸಿಸ್ಟರ್ ಕುಂಟಕೋತ ಹೋಗಿ ಗೋಡಿಗಿ ಧಡ್ ಅಂತ ಬಡದ್ಲು ನೋಡು, ಬಂಡೆಮ್ಮ ಬ್ಯಾನ್ಯಾಗೂ ನಕ್ಕಳು! ಆಮ್ಯಾಲ ನನ್ನ ಹೆಗಲ ಹಿಡದು ಮನಿ ಎಣಿಸಿಕೋತ ಅಡ್ಡಾಡಿದ್ಲು. ಹೆಣ್ಣು ಕೂಸು. ಏನು ಅಳು ಅಂತಿ, ಇಡೀ ದವಾಖಾನಿಗಿ ಕೇಳ್ತು!

…ಯಾಕ ಮುಖ ತಿರುವಿದಿ? ತಪ್ಪಾತು. ಕೂಸಿನ ಮಾತು ತಗೀಬಾರದಿತ್ತು.

ಬ್ಯಾರೆ ಹೇಳ್ತೀನಿ. ಈ ಆಟ ಸುರುವಾಗಿದ್ದು ಹೆಂಗ ಗೊತ್ತೇನು? ಮಾನ್ವಿ ಕಡಿಯಾಕಿ ಒಬ್ಬಾಕಿ ಸಿಸ್ಟರ್ ಇದ್ಲು. ಏ, ನಿಂಗ ಗೊತ್ತಿಲ್ಲ ಬಿಡು. ಆಕಿ ಕೈಯಾಗೂ ಒಂದು ಕೂಸು ಅಳಲಿಲ್ಲ. ಪೋತ್ನಾಳದಾಗ ಮನಿ ಬಾಗಿಲ ಹಾಕ್ಕೊಂಡು ಮೂರು ವಾರ ಮಲಗಿಬಿಟ್ಲು. ರಜಾ ಮುಗದು ಬಂದ್ರ, ಹೆರಿಗಿ ಖೋಲಿ ಕಡಿ ಕಾಲೇ ಏಳವಲ್ಲವು. ದವಾಖಾನ್ಯಾಗ ಕಸ ಹೊಡೀತಿದ್ದ ಅನ್ನಮ್ಮ ನೋಡಿದ್ಲು. ಏನೂ ಕೇಳಲಿಲ್ಲ. ಚಾಕ್‌ಪೀಸ್ ತಗೊಂಡು ಬಾಗಿಲತನಕ ಎಂಟು ಮನಿ ಬರದ್ಲು. 'ಬರ್ರೀ ಅಕ್ಕೋರ, ಸೋತವರು ಚಾ ಕುಡಸಬೇಕು' ಅಂದ್ಲು. ಸಿಟ್ಟು ಬಂತು ಆಕಿಗಿ, ಭಾಳ ಸಿಟ್ಟು! ಆದ್ರೂ ಒಂದು ಮನಿ… ಎರಡು ಮನಿ… ಎಂಟನೇದಕ್ಕ ಜಿಗದಾಗ ಬಾಗಿಲ ದಾಟಿ ಒಳಗಿದ್ದೆ ನಾ! ಅನ್ನಮ್ಮ ಚಪ್ಪಾಳಿ ಹೊಡದು…

ಏನು? ನಾ ಅಂದ್ನಾ? ಆಕಿ. ಆಕಿ ಒಳಗಿದ್ಲು ಅಂದೆ.

ಹಂಗ ನೋಡಬ್ಯಾಡ ಬೇ…

…ಹೂಂ. ನಾನ.

ಆ ಮೂರು ವಾರ ನನ್ನ ಬಾಗಿಲ ಯಾರೂ ಬಡೀಲಿಲ್ಲ, ಕಹಕಶಾನ್. ಅದಕ ನಿನಗಂತನ ಮೊದಲ ಬಸ್ಸಿಗಿ ಬಂದೀನಿ. ಕುಂಟಿದ್ರ ಮರೀತೀವಿ ಅಂತ ಸುಳ್ಳು ಹೇಳಲ್ಲ. ಆ ಕೂಸಿನ ಮುಖ ಇನ್ನೂ ಕಣ್ಣಾಗ ಅದ. ಆದ್ರ ನಾ ಕುಂಟಕೋತ ಬಾಗಿಲ ದಾಟಿದ ಆ ದಿನ ಒಳಗ ಇನ್ನೊಬ್ಬಾಕಿ ಬ್ಯಾನಿ ತಿನ್ನಾಕತ್ತಿದ್ಲು… ಆಕಿ ಕೂಸನ್ನ ನಾನ ಈ ಕೈಯಾಗ ಹಿಡದೆ.